ಹಡಗು ಬಾರದ ನೀರಲ್ಲಿ

ಬಂದರು ಮುಚ್ಚಿದ ಮೇಲೆ ಹಗ್ಗದಣ್ಣನಿಗೆ ಬೆಳಗಿನ ಹೊತ್ತು ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ಹಡಗಿನಿಂದ ಎಸೆದ ಹಗ್ಗ ಹಿಡಿದು ಕಟ್ಟೆಯ ಮೇಲಿನ ಕಬ್ಬಿಣದ ಗೂಟಕ್ಕೆ ಬಿಗಿಯುವುದು, ಹಡಗು ಹೊರಟಾಗ ಬಿಚ್ಚಿ ಕೊಡುವುದು, ಮೀಸೆ ಮೂಡಿದಾಗಿನಿಂದ ಅವನು ಮಾಡಿದ್ದು ಅದೊಂದೇ ಕೆಲಸ. ಹೆಂಡತಿಯನ್ನು ಬಿಟ್ಟರೆ ಊರಿಗೆಲ್ಲ ಅವನು ಹಗ್ಗದಣ್ಣ.

ಮುಚ್ಚಿದ್ದರಲ್ಲಿ ಯಾರದೂ ತಪ್ಪಿರಲಿಲ್ಲ. ಹಡಗುಗಳು ದೊಡ್ಡವಾಗುತ್ತ ಹೋದವು, ಬಂದರಿನಲ್ಲಿ ಹೂಳು ತುಂಬುತ್ತ ಹೋಯಿತು. ಹೂಳೆತ್ತುವ ಖರ್ಚಿಗೆ ಬರುವ ಆದಾಯ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಕೊನೆಕೊನೆಗೆ ಸಿಮೆಂಟು ಹೊರುವ ಒಂದು ಮುದಿ ಹಡಗು ಮಾತ್ರ ಬರುತ್ತಿತ್ತು, ಅದೂ ಮನಸ್ಸಿಲ್ಲದ ಮನಸ್ಸಿನಿಂದ.

ಮನೆಯಲ್ಲಿ ಕೂತವನು ಸುಮ್ಮನೆ ಕೂರಲಿಲ್ಲ. ಬಟ್ಟೆ ಒಣಹಾಕುವ ತಂತಿಯನ್ನು ಬಿಚ್ಚಿ ಬಿಗಿದ. ಪರದೆಯ ದಾರಕ್ಕೆ ಹೊಸ ಗಂಟು ಹಾಕಿದ. ಕಸದ ಚೀಲಕ್ಕೆ ಅವನು ಹಾಕಿದ ಗಂಟನ್ನು ಬಿಚ್ಚಲಾಗದೆ ಹೆಂಡತಿ ಕತ್ತರಿ ಹುಡುಕಬೇಕಾಯಿತು.

"ಅಲ್ಲಾರೀ, ಕಸ ಎಲ್ಲಿಗೆ ಓಡಿ ಹೋಗುತ್ತೆ ಅಂತ ಹೀಗೆ ಕಟ್ಟಿದ್ದೀರಿ?" ಅಂದಳು. ಅವನು ನಕ್ಕ. ಆದರೆ ಬಂದರಿನ ಕಡೆ ಮಾತ್ರ ತಲೆ ಹಾಕಲಿಲ್ಲ. ಪೇಟೆಗೆ ಹೋಗಬೇಕಾದರೂ ಸುತ್ತು ಬಳಸಿ ಹೋಗುತ್ತಿದ್ದ.

ಅಷ್ಟರಲ್ಲಿ ಬಂದರನ್ನು ನಗರಸಭೆ ವಹಿಸಿಕೊಂಡಿತು. ಒಂದು ಗೋದಾಮು ಬಡಗಿಗಳ ಪಾಲಾಯಿತು, ಇನ್ನೊಂದರಲ್ಲಿ ಮಕ್ಕಳು ಶಟಲ್ ಆಡತೊಡಗಿದರು. ನೀರಿಗೆ ಮಣ್ಣು ಸುರಿದು ಅಂಗಡಿ ಸಾಲು ಕಟ್ಟೋಣ ಎಂದು ಕೆಲವರೆಂದರು, ಬೇಡವೇ ಬೇಡ ಎಂದು ಉಳಿದವರು ಪಟ್ಟು ಹಿಡಿದರು. ಎಣ್ಣೆ ಕಾರುವ ಹಡಗುಗಳಿಲ್ಲದೆ ನೀರು ತಾನಾಗಿ ತಿಳಿಯಾಗಿತ್ತು. ಪರೀಕ್ಷೆ ಮಾಡಿಸಿ, ಒಂದು ಭಾಗಕ್ಕೆ ತೇಲುಬೇಲಿ ಹಾಕಿ, ದೊಡ್ಡವರಿಗೂ ಈಜು ಕಲಿಸುತ್ತೇವೆ ಎಂದು ಬೋರ್ಡು ಬರೆಸಿದರು.

ಆ ಬೋರ್ಡನ್ನು ಹೆಂಡತಿ ತರಕಾರಿ ತರಲು ಹೋದಾಗ ನೋಡಿದಳು. ಇಷ್ಟು ವರ್ಷ ಹೊರಗಿನವರನ್ನು ಒಳಗೆ ಬಿಡದಿದ್ದ ಗೇಟು ಹಾರು ಹೊಡೆದು ನಿಂತಿತ್ತು. ಮನೆಗೆ ಬಂದವಳೇ ಗಂಡನ ಚಪ್ಪಲಿ ತಂದು ಮುಂದಿಟ್ಟಳು.

"ನಡೀರಿ. ನೀವು ಕೆಲಸ ಮಾಡಿದ ಜಾಗ ನಾನು ನೋಡೇ ಇಲ್ಲ."

ಅವನು ಚಪ್ಪಲಿ ಮೆಟ್ಟಿದ.

ಕಟ್ಟೆಯ ಮೇಲೆ ಇಬ್ಬರೂ ನಿಧಾನವಾಗಿ ನಡೆದರು. ಇಲ್ಲಿ ನಿಲ್ಲುತ್ತಿದ್ದೆ, ಅಲ್ಲಿ ಚಹಾ ಕುಡಿಯುತ್ತಿದ್ದೆವು ಎಂದು ಅವನು ತೋರಿಸಿದ. ನಿಲ್ಲುತ್ತಿದ್ದ ಜಾಗ ಅಂಚಿಗೆ ಎಷ್ಟು ಹತ್ತಿರವಿತ್ತೆಂದರೆ ಅವಳು ತನಗೆ ಗೊತ್ತಿಲ್ಲದೆ ಅವನ ಅಂಗಿಯ ತೋಳು ಹಿಡಿದುಕೊಂಡಳು.

"ನಂಗೆ ಈಜು ಕಲಿಸ್ತೀರಾ?" ಅಂದಳು. "ಗಾಳಿ ಎದ್ದಾಗೆಲ್ಲ ನಾನು ಆ ಗೇಟಿನ ಹೊರಗೆ ನಿಂತು ಈ ನೀರನ್ನ ಬೈದುಕೊಂಡಿದ್ದೀನಿ. ಒಂದು ಸಲ ಒಳಗಿಳಿದು ನೋಡ್ಬೇಕು."

ಅವನು ದೂರ ನೋಡಿದ. "ನಂಗೇ ಬರಲ್ಲ ಕಣೇ."

"ಏನು ಬರಲ್ಲ?"

"ಈಜು. ನಮ್ಮಲ್ಲಿ ಬಹಳ ಜನಕ್ಕೆ ಬರ್ತಿರಲಿಲ್ಲ. ಯಾರೂ ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ."

ಅವಳು ಹತ್ತಿರದ ಕಲ್ಲಿನ ಮೇಲೆ ಕುಸಿದು ಕೂತಳು. "ಬಿದ್ರೂ ಈಜಿ ಬರ್ತಾರೆ ಬಿಡು ಅಂದ್ಕೊಂಡು ಸಮಾಧಾನ ಮಾಡ್ಕೊಳ್ತಿದ್ದೆ," ಅಂದಳು. "ಅದೊಂದನ್ನೇ ನಂಬಿಕೊಂಡು ಅನ್ನಕ್ಕೆ ಇಡ್ತಿದ್ದೆ, ಮಕ್ಕಳನ್ನ ಮಲಗಿಸ್ತಿದ್ದೆ."

"ನಿಂಗೆ ಭಯ ಆಗುತ್ತೆ ಅಂತ ಹೇಳ್ಲಿಲ್ಲ."

"ಹ್ಞೂಂ, ಈಗ ಧೈರ್ಯ ಬಂತು ನೋಡಿ."

ಅವತ್ತು ಸಂಜೆಯವರೆಗೂ ಅವಳು ಮುಖ ಗಂಟು ಹಾಕಿಕೊಂಡೇ ಇದ್ದಳು. ಊಟ ಬಡಿಸುವಾಗ ಮಾತ್ರ, "ಇಬ್ಬರಲ್ಲಿ ಒಬ್ಬರಿಗಾದ್ರೂ ಬರ್ಲಿ. ನಾಳೆ ನನ್ನ ಹೆಸರು ಬರೆಸಿ," ಅಂದಳು.

ಈಜು ಕಲಿಸುತ್ತಿದ್ದ ಮೇಡಂ ಇವರಿಬ್ಬರ ಮಗಳ ವಯಸ್ಸಿನವಳು. ಮಗಳು ಬಿಟ್ಟುಹೋದ ಟೀ ಶರ್ಟು, ಗಂಡನ ಹಳೇ ಪೈಜಾಮ ತೊಟ್ಟು ಹೆಂಡತಿ ಮೆಟ್ಟಿಲಿಳಿದಳು. ನೀರು ಸೊಂಟಕ್ಕೆ ಬಂದದ್ದೇ ತಡ, ಕಂಬಿಗೆ ಜೋತುಬಿದ್ದಳು. ಮೇಡಂ ಎಷ್ಟು ಹೇಳಿದರೂ ಬೆರಳು ಸಡಿಲಿಸಲಿಲ್ಲ. ಮರುದಿನವೂ ಅದೇ ಕಥೆ.

ಅದರ ಮಾರನೆಯ ಬೆಳಗ್ಗೆ ಹಗ್ಗದಣ್ಣ ಒಂದು ಸುರುಳಿ ಮೆತ್ತನೆಯ ಹಗ್ಗ ತಂದ. ಹೆಂಡತಿಯ ಬೆನ್ನು ಬಳಸಿ, ಉಸಿರಿಗೆ ಅಡ್ಡಿಯಾಗದ ಹಾಗೆ ಕಟ್ಟಿ, ಎರಡು ಬೆರಳು ತೂರಿಸಿ ನೋಡಿದ. ಕೈಯಲ್ಲಿ ಇನ್ನೊಂದು ತುದಿ ಹಿಡಿದು ಕಟ್ಟೆಯ ಮೇಲೆ ಕಾಲೂರಿ ನಿಂತ.

"ಹೋಗು. ನಾನು ಹಿಡ್ಕೊಂಡಿದ್ದೀನಿ."

ಅವಳು ಕಂಬಿ ಬಿಟ್ಟಳು.

ಹಿಂದೆ ಕ್ರೇನ್ ಓಡಿಸುತ್ತಿದ್ದ ಗೆಳೆಯ, ಈಗ ಕೆಲಸವಿಲ್ಲದೆ ಅಲ್ಲೇ ಸುತ್ತಾಡುತ್ತಿದ್ದವನು, "ಏನಪ್ಪಾ, ಹಡಗು ಸಿಗದೆ ಹೆಂಡ್ತೀನೇ ಕಟ್ಟಿದೆಯಾ?" ಅಂದ.

"ಇದಕ್ಕೆ ಬಾಡಿಗೆ ಜಾಸ್ತಿ," ಅಂದ ಹಗ್ಗದಣ್ಣ. ಕಣ್ಣು ಮಾತ್ರ ನೀರಿನಿಂದ ಕದಲಲಿಲ್ಲ.

ದಿನ ಕಳೆದಂತೆ ಅವಳು ಮುಳುಗಿದಳು, ನೀರು ಕುಡಿದಳು, ಕೆಮ್ಮಿದಳು, ಮತ್ತೆ ಇಳಿದಳು. ಒಂದು ಬೆಳಗ್ಗೆ ಕೈಕಾಲು ಒಂದೇ ಲಯಕ್ಕೆ ಬಂದವು. ತೇಲುಬೇಲಿಯ ಕಡೆ ಹೊರಟವಳಿಗೆ ಹಗ್ಗ ಅಡ್ಡ ಬಂತು.

"ರೀ, ಬಿಡ್ರೀ," ಅಂದಳು ನೀರಿನಿಂದಲೇ.

ಅವನ ಮುಷ್ಟಿ ಬಿಚ್ಚಲಿಲ್ಲ. ಮೇಡಂ ಹತ್ತಿರ ಬಂದು ಮೆಲ್ಲಗೆ, "ಅಂಕಲ್, ನಾನಿದ್ದೀನಲ್ಲ," ಅಂದಳು. ಆಗ ಅವನು ಒಂದೊಂದೇ ಮೊಳ ಬಿಟ್ಟುಕೊಟ್ಟ, ಕೊನೆಗೆ ತುದಿಯನ್ನೂ ಬಿಟ್ಟ. ಹಗ್ಗ ಅವಳ ಹಿಂದೆ ತೇಲಿಕೊಂಡು ಹೋಯಿತು. ಬೇಲಿ ಮುಟ್ಟಿ ತಿರುಗಿ ನೋಡಿದಾಗ ಗಂಡ ಅಂಗಿಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಅದನ್ನು ನೋಡಿದ ಬೇರೆ ಹೆಂಗಸರೂ ನಮಗೂ ಹಗ್ಗ ಬೇಕು ಎಂದರು. ನಗರಸಭೆ ಅವನಿಗೆ ಬೆಳಗಿನ ಹೊತ್ತಿನ ಒಂದು ಸಣ್ಣ ಕೆಲಸ ಕೊಟ್ಟಿತು. ಸಂಬಳ ಹಿಂದಿನದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಅವನ ಜೊತೆಯವರಲ್ಲಿ ಬಹಳ ಜನ ಬೇರೆ ಊರಿನ ಬಂದರುಗಳಿಗೆ ಹೋಗಿದ್ದರು, ಕೆಲವರು ಕೂತಲ್ಲೇ ಕೂತಿದ್ದರು. ಹೆಂಡತಿಯ ಒತ್ತಾಯಕ್ಕೆ ಅವನೂ ಒಮ್ಮೆ ಎದೆಮಟ್ಟದ ನೀರಿಗೆ ಇಳಿದ. ಮೈ ಬಿಗಿದು ಮರದಂತಾಯಿತು. "ನಂಗೆ ದಡವೇ ಸರಿ ಕಣೇ," ಅಂದ. ಅವಳು ಮತ್ತೆ ಬಲವಂತ ಮಾಡಲಿಲ್ಲ.

ಆ ದಿನ ಮನೆಗೆ ಹೋಗುವಾಗ ಅವಳು ಒದ್ದೆ ಕೂದಲನ್ನು ಟವೆಲಿನಲ್ಲಿ ಹಿಂಡುತ್ತ, "ನಿಮ್ಮ ಕಟ್ಟೆಯ ಗೋಡೆ ನೀರಿನ ಕಡೆಯಿಂದ ಹೇಗಿದೆ ಗೊತ್ತಾ?" ಅಂದಳು.

"ಹೇಗಿದೆ?"

"ತುಂಬಾ ಚಿಪ್ಪು ಅಂಟ್ಕೊಂಡಿದೆ. ನೀಲಿ, ಕಪ್ಪು. ಬಿಸಿಲು ಬಿದ್ರೆ ಮಿಣಮಿಣ ಅನ್ನುತ್ತೆ. ಕೆಳಗೆ ಬೆರಳುದ್ದದ ಮೀನುಗಳು, ಗುಂಪುಗುಂಪಾಗಿ."

ಅವನು ನಡಿಗೆ ನಿಧಾನ ಮಾಡಿದ. "ಹೌದಾ? ಇನ್ನೇನಿದೆ?"

ಅವಳು ಒಂದೊಂದಾಗಿ ಹೇಳುತ್ತ ಹೋದಳು.