ಬಿರುಕಿಗೆ ಅಡ್ಡಲಾಗಿ ಒಂದು ಗಾಜು

ಹೊಳೀತಿದೆ, ಹಾಳಾದ್ದು ಇಷ್ಟು ಹೊಳೀಬಾರದಿತ್ತು, ಆರು ತಿಂಗಳ ಹಿಂದೆ ಅಂಟಿಸಿದ ಗಾಜಿನ ಮೇಲೆ ಧೂಳು ಕೂತಿರಬೇಕಲ್ಲ, ಒರೆಸಿದೆ ಅಂದರಾಯ್ತು, ಯಾರು ಕೇಳ್ತಾರೆ, ಇಂಜಿನಿಯರ್ರೇ ಕೇಳಲಿಲ್ಲ, ಗ್ಯಾಲರಿ ಹೊತ್ತ ಕಂಬದ ಮುಂದೆ ನಿಂತು ಕನ್ನಡಕ ಏರಿಸಿ ನೋಡಿದರು, ಬಿರುಕಿಗೆ ಅಡ್ಡಲಾಗಿ ಗೇಣುದ್ದದ ಗಾಜಿನ ಪಟ್ಟಿ, ಎರಡು ತುದಿಗೂ ಸಿಮೆಂಟು, ಮೇಲೆ ನನ್ನ ಅಕ್ಷರದಲ್ಲಿ ತಾರೀಕು, ಕಂಬ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತೆ — ಒಡೆದಿಲ್ಲ ನೋಡಿ ಮೇಸ್ತ್ರಿ, ನಿಮ್ಮ ಟೌನ್ ಹಾಲು ನಿಮ್ಮಷ್ಟೇ ಹಟಮಾರಿ, ಗ್ಯಾಲರಿಗೂ ಜನ ಬಿಡಿ ಅಂದರು, ನಕ್ಕರು, ನಾನೂ ನಕ್ಕೆ, ಥೂ. ಬೆಳಿಗ್ಗೆ, ಅವರು ಬರೋಕೆ ಮುಂಚೆ, ಬೀಗ ತೆಗೆದು ಬಂದಾಗ ಹಳೇ ಗಾಜು ಎರಡು ಹೋಳಾಗಿತ್ತು, ತಾರೀಕಿನ ನಟ್ಟನಡುವೆ, ಆ ಹೋಳುಗಳು ಈಗ ನನ್ನ ಅಂಗಿ ಜೇಬಲ್ಲಿವೆ, ಉಸಿರೆಳೆದಾಗೆಲ್ಲ ಎದೆಗೆ ಚುಚ್ತಾವೆ.

ವೇದಿಕೆ ಮೇಲೆ ಮಗಳು, ಕೈಯಲ್ಲಿ ಕಾಗದ, ಈ ಭವನಕ್ಕೆ ನೂರ ಹದಿನೆಂಟು ವರ್ಷ, ಬಿಳಿಯ ದೊರೆಯೊಬ್ಬರು ತಮ್ಮ ರಾಣಿಯ ನೆನಪಿಗೆ ಕಟ್ಟಿಸಿದರು — ಕಟ್ಟಿಸಿದನಂತೆ, ಅವನಪ್ಪ ಇಟ್ಟಿಗೆ ಹೊತ್ತಿದ್ದನಾ, ಹೊತ್ತವನು ನನ್ನಪ್ಪನ ಮುತ್ತಜ್ಜ, ಈ ಕಂಬ ಅವನ ಕೈಯದು, ಬಾಗಿಲು ಕೂರಿಸಿದ ಮಾರನೇ ದಿನ ಅವನನ್ನೇ ಒಳಗೆ ಬಿಡಲಿಲ್ಲ, ಒಳಗೆ ಬಿಳಿಯರು ಕುಣಿದರು, ಕಿಟಕಿಯಿಂದ ಇಣುಕಿದ ಮುದುಕ ಕುಣಿತ ನೋಡಲಿಲ್ಲವಂತೆ, ಕಂಬ ನೆಟ್ಟಗಿದೆಯಾ ಅಂತ ನೋಡಿದನಂತೆ. ಆಮೇಲೆ ಅವರು ಗಂಟುಮೂಟೆ ಕಟ್ಟಿದರು, ಇದು ಧಾನ್ಯದ ಗೋದಾಮಾಯ್ತು, ನೆರೆ ಬಂದ ವರ್ಷ ಆಸ್ಪತ್ರೆಯಾಯ್ತು, ಅಮ್ಮ ನನ್ನನ್ನು ಹೆತ್ತದ್ದು ಇದೇ ಗ್ಯಾಲರಿ ಕೆಳಗೆ — ಅದನ್ನೂ ಬರಿ ಮಗಳೇ ಅಂದರೆ, ಅಪ್ಪಾ, ಇದು ಭವನದ ಚರಿತ್ರೆ, ನಿನ್ನ ಜಾತಕ ಅಲ್ಲ, ಅಂದಳು, ನನ್ನ ಬಾಯೇ ಬಂದಿದೆ ಅವಳಿಗೂ.

ಪುರಸಭೆ ಅಧ್ಯಕ್ಷ ಹೋದ ಸಲ ಬಿರುಕು ನೋಡೋಕೆ ಬಂದಾಗಲೇ ಹೇಳಿದ್ದ, ಗಾಜು ಒಂದು ಒಡೆದರೂ ಸಾಕು, ಕಾರ್ಯಕ್ರಮ ಬಂದ್, ಮಾರನೇ ದಿನವೇ ಕೆಡವಿಸ್ತೀನಿ, ಅಂಗಡಿ ಮಳಿಗೆ ಎಬ್ಬಿಸ್ತೀನಿ — ಅವನ ಬಾಯಿಗೆ ಮಣ್ಣು ಹಾಕ, ಅದಕ್ಕೇ ಹೊಸ ಗಾಜು ಅಂಟಿಸಿ ಹಳೇ ತಾರೀಕು ಬರೆದೆ, ಇದೊಂದು ದಿನ, ಮಗಳು ಓದಿ ಮುಗಿಸಲಿ, ನಾಳೆಯೇ ಕಬ್ಬಿಣದ ಪಟ್ಟಿ ಹಾಕಿ ಬಿಗೀತೀನಿ ಅಂತ, ಗ್ಯಾಲರಿಗೆ ಎಂದಿನ ಹಾಗೆ ಬೀಗ ಇರುತ್ತೆ ಅಂತ ತಾನೆ, ನನ್ನ ಗಾಜೇ ಆ ಬೀಗ ತೆಗೆಸುತ್ತೆ ಅಂತ ಯಾವನಿಗೆ ಗೊತ್ತಿತ್ತು. ಮೆಟ್ಟಿಲ ಮೇಲೆ ದಡಬಡ, ನೂರು ಜನವಾ, ಇನ್ನೂರಾ, ಹಲಗೆ ನರಳ್ತಿದೆ, ಕೆಳಗೆ ಕಂಬಕ್ಕೆ ಒರಗಿದ ಹಾಗೆ ಇವಳು ಬೇರೆ, ನನ್ನ ಹೆಂಡತಿ, ಮುಂದೆ ಹೋಗಿ ಕೂತ್ಕೊಳ್ಳೇ ಅಂದೆ, ಇಲ್ಲಿ ಗಾಳಿ ಬರುತ್ತೆ, ನಿಮ್ಮದೊಂದು ರಗಳೆ, ಇವತ್ತಾದರೂ ಬಾಯಿ ಮುಚ್ಕೊಂಡಿರಿ ಅಂದಳು. ಮುಚ್ಕೊಂಡಿದ್ದೀನಿ ಕಣೇ, ಹುಟ್ಟಿದ ಮೇಲೆ ಮೊದಲ ಸಲ. ಗಾಜು ಒಡೆದಿಲ್ಲ, ಒಡೆಯೋದಾದರೂ ಹೇಗೆ, ಸಿಮೆಂಟು ಇನ್ನೂ ಹಸಿ, ಕಂಬ ಸರಿದರೆ ಗಾಜು ಸುಮ್ಮನೆ ಜಾರುತ್ತೆ, ಇಂಥ ಗಾಜು ಏನನ್ನೂ ಹೇಳೋದಿಲ್ಲ, ಬಲತುದಿ — ಆಗಲೇ ಅಲ್ಲಿತ್ತಾ ಅದು, ಇಲ್ಲ, ಜಾರಿದೆ, ಒಂದು ಗೆರೆಯಷ್ಟು, ಹಸಿ ಸಿಮೆಂಟಿನ ಮೇಲೆ ಗೀರು ಬಿದ್ದಿದೆ.

ಈ ಕಂಬಗಳನ್ನು ಕಟ್ಟಿದವರು ನನ್ನಜ್ಜನ ಮುತ್ತಜ್ಜ, ನನ್ನಪ್ಪ ಹುಟ್ಟಿದ್ದು ಇಲ್ಲೇ — ಯಾವಾಗ ಸೇರಿಸಿದಳು ಇದನ್ನ, ಕತ್ತೆ, ಹೇಳಲೇ ಇಲ್ಲ, ಚಪ್ಪಾಳೆ, ಮೇಲಿನವರು ಕಾಲು ಕುಟ್ಟುತ್ತಿದ್ದಾರೆ, ಎಲ್ಲರೂ ಒಂದೇ ತಾಳಕ್ಕೆ, ಧಡ್ ಧಡ್ ಧಡ್, ಇಳೀರೋ, ಯಾರು ಕೂಗಿದ್ದು, ನಾನೇ, ಕುಟ್ಟಬೇಡಿ, ಒಬ್ಬೊಬ್ಬರಾಗಿ ಇಳೀರಿ, ನೀನು ಏಳೇ ಅಲ್ಲಿಂದ, ಮಗಳ ಮಾತು ನಿಂತಿತು, ಇಂಜಿನಿಯರ್ರು ತಿರುಗಿದರು, ಏನ್ ಮೇಸ್ತ್ರಿ ಇದು, ಗಾಜು ಸರಿಯಾಗೇ ಇದೆಯಲ್ಲ, ಜೇಬಿಗೆ ಕೈ ಹಾಕಿದೆ, ಅಧ್ಯಕ್ಷ ನೋಡ್ತಿದ್ದಾನೆ, ಮಗಳು ನೋಡ್ತಿದ್ದಾಳೆ, ಅಂಗೈ ಬಿಚ್ಚಿದೆ, ರಕ್ತ, ಎರಡು ಹೋಳು, ನಟ್ಟನಡುವೆ ಸೀಳಿದ ತಾರೀಕು, ನನ್ನದೇ ಅಕ್ಷರ, ಎರಡು ಹೋಳು, ಎರಡು ಹೋಳು —