ಒನೊರೀನ್ ಏಣಿ ಎಳೆದುಕೊಂಡ ದಿನ

ಫ್ರಾನ್ಸಿನ ಬರ್ಗಂಡಿಯಲ್ಲಿ ನಮ್ಮ ದ್ರಾಕ್ಷಿತೋಟ ಚಿಕ್ಕದು. ಅತ್ತೆ ಒನೊರೀನ್, ನನ್ನ ಗಂಡ ಆನ್ಸೆಲ್ಮ್, ಮೈದುನ ಲೆಯೋನ್ಸ್, ನಾನು, ದುಡಿಯುವವರು ಇಷ್ಟೇ. ಆದರೂ ನಮ್ಮ ಕೆಂಪು ವೈನಿಗೆ ಪ್ಯಾರಿಸ್ಸಿನ ಹೋಟೆಲಿನವರು ಮೊದಲೇ ಹೇಳಿಡುತ್ತಿದ್ದರು. ಮಾವ ತೀರಿಕೊಂಡ ಮೇಲೂ ಆ ಹೆಸರು ಕೆಡದಂತೆ ನೋಡಿಕೊಂಡವರು ಅತ್ತೆ.

ಆ ವರ್ಷ ಹಣ್ಣು ಬಹಳ ಚೆನ್ನಾಗಿ ಬಂದಿತ್ತು. ರಸ ಹುದುಗಿ ವೈನಾಗಿ ಪೀಪಾಯಿಗಳಿಗೆ ಇಳಿದಿತ್ತು. ದೊಡ್ಡ ಮರದ ತೊಟ್ಟಿಯ ತಳದಲ್ಲಿ ಉಳಿದ ಹಿಪ್ಪೆಯನ್ನು ಸಲಿಕೆಯಿಂದ ಎತ್ತಿ ಹಾಕಬೇಕಿತ್ತು. ಹುದುಗಿನ ಗಾಳಿ ಒಳಗೇ ನಿಂತಿರುತ್ತದೆ, ಉಸಿರು ಕಟ್ಟಿಸುತ್ತದೆ, ಅದು ಹೋಗುವವರೆಗೆ ಕಾಯಬೇಕು ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಸಂಜೆ ಪಕ್ಕದ ಊರಲ್ಲಿ ಕುಣಿತವಿತ್ತು, ಲೆಯೋನ್ಸ್‌ಗೆ ಅವಸರ. ಏಣಿ ಇಳಿದೇಬಿಟ್ಟ.

"ಈ ಹಿಪ್ಪೆ ವಾಸ್ನೆಗೆ ಯಾವ ಹುಡುಗಿ ನಿನ್ ಹತ್ರ ಬರ್ತಾಳೋ?" ಎಂದು ಆನ್ಸೆಲ್ಮ್ ಮೇಲಿನಿಂದ ಕೆಣಕಿದರು.

ಉತ್ತರ ಬರಲಿಲ್ಲ. ಬಗ್ಗಿ ನೋಡಿದರೆ ಲೆಯೋನ್ಸ್ ಬೋರಲು ಬಿದ್ದಿದ್ದ.

ಆನ್ಸೆಲ್ಮ್ ಏಣಿಗೆ ಕಾಲಿಡುವಷ್ಟರಲ್ಲಿ ಅತ್ತೆ ಅವರನ್ನು ಪಕ್ಕಕ್ಕೆ ತಳ್ಳಿ ಏಣಿಯನ್ನು ಮೇಲಕ್ಕೆ ಎಳೆದು ಆಚೆ ಎಸೆದರು. ಧುಮುಕಲು ಹೊರಟ ಮಗನ ಸೊಂಟ ಹಿಡಿದರು. ನಾನೂ ತೋಳು ಹಿಡಿದೆ.

"ಬಿಡಮ್ಮ. ಅವನಿನ್ನೂ ಬದುಕಿದಾನೆ."

"ಬದುಕಿರಬಹುದು. ನೀನೂ ಇಳಿದ್ರೆ ನಂಗೆ ಇಬ್ರೂ ಇರಲ್ಲ."

ಕೊಸರಿಕೊಂಡ ಆನ್ಸೆಲ್ಮ್ ಕೊಡಲಿ ತಂದು ತೊಟ್ಟಿಯ ಬುಡಕ್ಕೆ ಹೊಡೆಯತೊಡಗಿದರು. ದಪ್ಪ ಓಕ್ ಹಲಗೆ. ದಾರಿಯಾಗುವ ಹೊತ್ತಿಗೆ ಲೆಯೋನ್ಸ್‌ನ ಉಸಿರು ನಿಂತಿತ್ತು. ನೀನು ಇಳಿದಿದ್ದರೆ ಎರಡು ಹೆಣ ಎತ್ತಬೇಕಿತ್ತು ಎಂದರು ಡಾಕ್ಟರು. ಆನ್ಸೆಲ್ಮ್ ಅದನ್ನು ಒಪ್ಪಲಿಲ್ಲ. ನನ್ನ ಗಂಡ ಉಳಿದರಲ್ಲ ಎಂಬ ನೆಮ್ಮದಿ ನನಗಿತ್ತು. ಅದನ್ನು ಆ ಮನೆಯಲ್ಲಿ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಆ ವರ್ಷದ ವೈನಿನ ರುಚಿ ನೋಡಿದವರು, ಈ ಮನೆಯಲ್ಲಿ ಇಷ್ಟು ಒಳ್ಳೆಯ ವೈನು ಯಾವತ್ತೂ ಆಗಿರಲಿಲ್ಲ ಎಂದರು. ಚರಂಡಿಗೆ ಸುರಿಯುತ್ತೇನೆಂದು ಆನ್ಸೆಲ್ಮ್ ಪೀಪಾಯಿಯ ಬಿರಟೆಗೆ ಕೈಹಾಕಿದಾಗ ಅತ್ತೆ ಅಡ್ಡ ನಿಂತರು. "ಅದು ಅವನು ಮಾಡಿದ್ದು. ಮಣ್ಣಿಗೆ ಹಾಕೋಕೆ ಬಿಡಲ್ಲ," ಎಂದರು. ಬಾಟಲಿ ತುಂಬಿ ಮಾರಿದೆವು. ನಾವ್ಯಾರೂ ಅದನ್ನು ಕುಡಿಯಲಿಲ್ಲ.

ಅಂದಿನಿಂದ ಆನ್ಸೆಲ್ಮ್ ತಾಯಿಯೊಡನೆ ಮಾತು ಬಿಟ್ಟರು. ತೋಟದ ಕೆಲಸವನ್ನು ನನ್ನ ಮೂಲಕವೇ ಹೇಳಿಸುತ್ತಿದ್ದರು. ವರ್ಷಗಳು ಹೀಗೇ ಕಳೆದವು. ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ನಾನು ನೋಡಿಕೊಳ್ಳುತ್ತೇನೆಂದರೂ ಕೇಳದೆ, ಆನ್ಸೆಲ್ಮ್ ತಾವೇ ಕೂತು ಸೂಪು ಕುಡಿಸುತ್ತಿದ್ದರು, ಮಾತಿಲ್ಲದೆ.

ಒಂದು ಮಧ್ಯಾಹ್ನ ಅತ್ತೆ ತೊದಲುತ್ತಾ, "ಇನ್ನೂ ಸಿಟ್ಟಿದೆಯೇನೋ?" ಎಂದು ಕೇಳಿದರು.

"ಇದೆ," ಎಂದರು ಆನ್ಸೆಲ್ಮ್. "ಬಾಯಿ ತೆಗಿ, ಆರಿಹೋಗತ್ತೆ."

ಅತ್ತೆ ಬಾಯಿ ತೆರೆದರು.