ಸ್ವಂತ ಕೈಬರಹದಲ್ಲಿ

"ಇದನ್ನ ನೋಡ್ಕೊಂಡು ನಿಮ್ಮ ಕೈಯಲ್ಲೇ ಬರ್ದುಬಿಡಿ ಸನ್‌ಜಾ ಅವ್ರೇ. ಕಂಪ್ಯೂಟರಲ್ಲಿ ಬೇಡ. ಸ್ವಂತ ಕೈಬರಹ ಇದ್ರೆ ತನಿಖೆಯವ್ರಿಗೆ ನಂಬಿಕೆ ಬರುತ್ತೆ," ಎನ್ನುತ್ತ ಬಾಂಗ್ ನಿರ್ದೇಶಕರು ಟೈಪು ಮಾಡಿಸಿದ ಒಂದು ಹಾಳೆಯನ್ನೂ ಒಂದು ಖಾಲಿ ಹಾಳೆಯನ್ನೂ ಅವಳ ಮುಂದೆ ಸರಿಸಿದರು.

ಪ್ಯೊ ಸನ್‌ಜಾ ಕನ್ನಡಕ ಏರಿಸಿಕೊಂಡು ಓದಿದಳು. ಕಂಪನಿಯ ಕ್ರೆಡಿಟ್ ಕಾರ್ಡನ್ನು ಎರಡು ವರ್ಷ ತಾನು ಸ್ವಂತಕ್ಕೆ ಬಳಸಿದ್ದೇನೆ, ತಪ್ಪಾಯಿತು, ಆ ಎಂಬತ್ತಾರು ಲಕ್ಷ ವೊನ್ ಹಣವನ್ನು ತನ್ನ ನಿವೃತ್ತಿ ಹಣದಲ್ಲಿ ಮುರಿದುಕೊಳ್ಳಲು ಮನಃಪೂರ್ವಕ ಒಪ್ಪಿದ್ದೇನೆ ಎಂದಿತ್ತು. ಮನಃಪೂರ್ವಕ ಎಂಬ ಮಾತು ಎರಡು ಸಲ ಬಂದಿತ್ತು.

ಯೊಸು ಬಂದರಿನ ಈ ಮೀನುಬಲೆ ಕಾರ್ಖಾನೆಯ ಕಚೇರಿಯಲ್ಲಿ ಅವಳದು ಹತ್ತೊಂಬತ್ತು ವರ್ಷದ ನೌಕರಿ. ಕಾರ್ಡಿನ ಮೇಲೆ ಅಚ್ಚಾಗಿದ್ದದ್ದು ಅವಳ ಹೆಸರೇ, ಸುಳ್ಳಲ್ಲ. ಆದರೆ ನಿರ್ದೇಶಕರು ತಮ್ಮ ಕಾರ್ಡನ್ನು ಜೇಬಿನಿಂದ ತೆಗೆದದ್ದನ್ನು ಕಂಡವರಿಲ್ಲ. ಕಚೇರಿಯವರೆಲ್ಲ ಸೇರಿ ಉಂಡರೆ ಸನ್‌ಜಾಳ ಕಾರ್ಡು, ಗಿರಾಕಿಗಳಿಗೆ ಉಣಿಸಿದರೆ ಸನ್‌ಜಾಳ ಕಾರ್ಡು, ಉಂಡ ಮೇಲೆ ಗಂಡಸರು ಕುಡಿದು ಹಾಡಲು ಬಾಡಿಗೆಯ ಹಾಡಿನ ಕೋಣೆ ಹುಡುಕಿ ಹೊರಟರೂ ಅದೇ ಕಾರ್ಡು. ಕೆಳಗಿನವರ ಹೆಸರಲ್ಲಿ ಬಿಲ್ಲಾದರೆ ಮೇಲಿನವರ ಹೆಸರು ಬೆಳ್ಳಗಿರುತ್ತದೆ, ಅಷ್ಟೇ ವಿದ್ಯೆ. ಈ ವಸಂತದಲ್ಲಿ ಬುಸಾನಿನ ದೊಡ್ಡ ಕಂಪನಿಯೊಂದು ಕಾರ್ಖಾನೆಯನ್ನು ಕೊಂಡುಕೊಂಡು ಹಳೆಯ ಬಿಲ್ಲುಗಳನ್ನು ಕೆದಕತೊಡಗಿತ್ತು.

"ಸಾರ್, ಆ ಹಾಡಿನ ಕೋಣೆಗೆ ನಾನು ಕಾಲೇ ಇಟ್ಟಿಲ್ವಲ್ಲ?"

"ಗೊತ್ತು ಕಣ್ರೀ, ಎಲ್ರಿಗೂ ಗೊತ್ತು. ಇದು ಬರೀ ಕಾಗದ. ಆಮೇಲೆ ನಾನೇ ನಿಂತು ಎಲ್ಲಾ ಸರಿಮಾಡಿ ಕೊಡ್ತೀನಿ."

"ಹಂಗಾದ್ರೆ ಆ ಮಾತನ್ನ ನೀವೂ ಒಂದು ಹಾಳೇಲಿ ಬರ್ದುಕೊಡಿ."

ನಿರ್ದೇಶಕರ ಮುಖದ ನಗು ಇಳಿಯಿತು. "ಆಗಸ್ಟಲ್ಲಿ ರಿಟೈರ್ ಆಗೋಳು ನೀನು. ಪೊಲೀಸ್ ಕಂಪ್ಲೇಂಟ್ ಆದ್ರೆ ಮುಖ ಎಲ್ಲಿಟ್ಕೋತೀಯ? ನಾಳೆ ಮಧ್ಯಾಹ್ನದ ಊಟದ ಹೊತ್ತಿಗೆ ಬೇಕು."

ಸನ್‌ಜಾಳ ಮನೆ ಗುಡ್ಡದ ಮೇಲೆ, ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿತ್ತು. ಮೊಣಕಾಲು ಎರಡೂ ಕೈಕೊಟ್ಟಿದ್ದವು. ಮಾರುಕಟ್ಟೆಯ ಹಿಂದೆ ನೆಲಮಟ್ಟದ ಎರಡು ಕೋಣೆ ನೋಡಿ ಮುಂಗಡ ಕೊಟ್ಟಿದ್ದಳು, ಉಳಿದದ್ದು ನಿವೃತ್ತಿ ಹಣದಿಂದ ಬರಬೇಕಿತ್ತು. ಸಹಿ ಹಾಕಿದರೆ ಆ ಮನೆ ಹೋದಂತೆಯೇ.

ಅವಳು ಕಚೇರಿಯ ಮೆಟ್ಟಿಲ ಸಂದಿಗೆ ಹೋಗಿ ಕಾರ್ಮಿಕ ಇಲಾಖೆಯ ಸಲಹಾ ಕೇಂದ್ರಕ್ಕೆ ಫೋನು ಹಚ್ಚಿ ನಡೆದದ್ದನ್ನು ಹೇಳಿದಳು. ಆ ಕಡೆ ಸಿಕ್ಕಿದವಳು ಚಿಕ್ಕ ವಯಸ್ಸಿನವಳಾದರೂ ಮಾತು ಗಟ್ಟಿ.

"ನೀವಾಗಿ ಒಪ್ಪಿ ಸಹಿ ಹಾಕೋವರ್ಗೂ ನಿವೃತ್ತಿ ಹಣದಲ್ಲಿ ಒಂದು ಕಾಸೂ ಮುರಿಯೋ ಹಂಗಿಲ್ಲಮ್ಮ. ಹಣ ಬರ್ಬೇಕು ಅಂತಿದ್ರೆ ಅವರು ಕೋರ್ಟಿಗೆ ಹೋಗ್ಲಿ, ನೀವೇ ಖರ್ಚು ಮಾಡಿದ್ದು ಅಂತ ರುಜುವಾತು ಮಾಡ್ಲಿ. ಅದಕ್ಕೇ ನಿಮ್ಮ ಕೈಲಿ ಬರೆಸ್ತಿರೋದು."

"ಕಾರ್ಡಲ್ಲಿ ನನ್ನ ಹೆಸರೇ ಇದ್ಯಲ್ಲವ್ವ?"

"ಹೆಸರು ಇದ್ರೇನು? ಉಂಡೋರು ಯಾರು ಅನ್ನೋದೇ ಪ್ರಶ್ನೆ. 'ಹೌದು, ನಾವೂ ಉಂಡ್ವಿ' ಅಂತ ಹೇಳೋರು ನಿಮ್ಮ ಆಫೀಸಲ್ಲಿ ಯಾರಾದ್ರೂ ಇದಾರಾ?"

ಸನ್‌ಜಾ, "ನೋಡ್ತೀನಿ" ಎಂದು ಫೋನಿಟ್ಟಳು. ಹೊಸ ಮಾಲೀಕರು ಯಾರನ್ನು ಇಟ್ಟುಕೊಳ್ಳುತ್ತಾರೋ ಯಾರನ್ನು ಕಳಿಸುತ್ತಾರೋ ಎಂದು ಎಲ್ಲರೂ ಕುರ್ಚಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದ ಕಾಲ ಅದು. ಅವಳಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು. ಹತ್ತೊಂಬತ್ತು ವರ್ಷ ಪ್ರತಿ ಊಟದಲ್ಲೂ ಇಕ್ಕಳ, ಕತ್ತರಿ ಅವಳ ಕೈಯಲ್ಲೇ ಇದ್ದವು. ಹೊಗೆ ಕುಡಿಯುತ್ತ ಊಟದ ಮೇಜಿನ ಒಲೆಯ ಮೇಲೆ ಮಾಂಸ ಸುಟ್ಟು, ಕತ್ತರಿಸಿ, ಒಬ್ಬೊಬ್ಬರ ತಟ್ಟೆಗೆ ಹಾಕಿದವಳು ಅವಳು. ಯಾರಿಗೆ ಏನು ಸೇರುತ್ತದೆ, ಯಾರು ಎಷ್ಟು ತಿಂದರು ಎನ್ನುವುದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು! ಮೇಜಿಗೆ ಮರಳಿ, ಬಿಲ್ಲುಗಳ ಕಟ್ಟು ಬಿಚ್ಚಿಕೊಂಡು, ಎಲ್ಲರ ಕಣ್ಣೆದುರೇ ಸಂಜೆಯವರೆಗೂ ಬರೆದಳು. ಹನ್ನೊಂದು ಹಾಳೆ ತುಂಬಿತು.

ಮರುದಿನ ಊಟದ ಕೋಣೆಯಲ್ಲಿ ನಿರ್ದೇಶಕರು ತಟ್ಟೆ ಹಿಡಿದೇ ಅವಳ ಬಳಿ ಬಂದರು. "ಬರೆದ್ರಂತೆ? ಕೊಡಿ ಇಲ್ಲಿ."

"ಓದೇ ಬಿಡ್ತೀನಿ ಸಾರ್," ಎಂದು ಸನ್‌ಜಾ ಎದ್ದು ನಿಂತಳು. "ಮಾರ್ಚ್ ಹನ್ನೊಂದು. ಬಂದರು ರಸ್ತೆಯ ಹಂದಿಮಾಂಸದ ಹೋಟೆಲು. ಎಂಟು ಜನ. ಬಾಂಗ್ ನಿರ್ದೇಶಕರು ಹೊಟ್ಟೆಯ ಮಾಂಸ ಜಿಡ್ಡು ಅಂತ ತಳ್ಳಿ ಕತ್ತಿನ ಮಾಂಸ ತರಿಸಿಕೊಂಡರು. ಆಮೇಲೆ ನನ್ನ ಕಾರ್ಡು ಇಸ್ಕೊಂಡು ಐದು ಜನರ ಜೊತೆ ಹಾಡಲು ಹೋದರು. ನಾನು ಕೊನೆಯ ಬಸ್ಸಿಗೆ ಮನೆಗೆ ಹೋದೆ."

"ಏಯ್, ಏನಿದು?"

"ಸ್ವಂತ ಕೈಬರಹದಲ್ಲಿ ಅಂದ್ರಲ್ಲ ಸಾರ್. ನಂದೇ ಕೈ ಇದು." ಅವಳು ಹಾಳೆಗಳನ್ನು ಉದ್ದನೆಯ ಮೇಜಿನ ಮೇಲೆ ಹರಡಿ, ಪೆನ್ನನ್ನು ಮೇಲಿಟ್ಟಳು. "ಪ್ರತಿ ಊಟದ ಕೆಳಗೂ ಜಾಗ ಬಿಟ್ಟಿದೀನಿ. ಉಂಡೋರು ಸಹಿ ಹಾಕಿ. ಉಂಡಿಲ್ಲ ಅನ್ನೋರು ಹಂಗಂತಲೇ ಬರ್ದು ಸಹಿ ಹಾಕಿ. ನಂಗೆ ಎರಡೂ ನಡೆಯುತ್ತೆ. ನಾಲ್ಕು ಗಂಟೆಗೆ ತನಿಖೆಗೆ ಬರೋ ಬುಸಾನಿನವ್ರ ಕೈಗೆ ನಾನೇ ಕೊಡ್ತೀನಿ."

"ಯಾರೂ ಮುಟ್ಟಕೂಡ್ದು!" ಎಂದರು ನಿರ್ದೇಶಕರು.

ಯಾರೂ ಮುಟ್ಟಲಿಲ್ಲ. ತಲೆಗಳೆಲ್ಲ ತಟ್ಟೆಯೊಳಗೆ ಇಳಿದವು. ಸನ್‌ಜಾ ಮೇಜಿನ ಅಂಚು ಹಿಡಿದುಕೊಂಡಳು, ಕೂರಲಿಲ್ಲ.

ಆಗ ಸರಕು ಕಳಿಸುವ ವಿಭಾಗದ ಓಕ್ ಬ್ಯೊಂಗ್‌ಮುಕ್ ಒಂದು ಹಾಳೆಯನ್ನು ತನ್ನ ಕಡೆ ಎಳೆದುಕೊಂಡ. ಮೇಲಿನವರು ಎದುರಾದರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುವ ಮನುಷ್ಯ ಅವನು. ಬೆರಳಿಟ್ಟು ಸಾಲು ಸಾಲಾಗಿ ಓದಿದ.

"ಅಕ್ಕ, ಇಲ್ಲೊಂದು ತಪ್ಪಿದೆ."

ನಿರ್ದೇಶಕರು, "ನೋಡಿ ಮತ್ತೆ!" ಎಂದರು.

"ನಾನು ಕಡೇಲಿ ಎರಡು ಬಟ್ಟಲು ತಣ್ಣನೆ ನೂಡಲ್ಸ್ ತಿಂದೆ ಅಂತ ಬರ್ದಿದೀರ."

"ಹೂಂ. ಎರಡೇ ಅಲ್ವಾ?"

"ಮೂರು," ಎಂದ ಬ್ಯೊಂಗ್‌ಮುಕ್. ಅವನ ಕಿವಿ ಕೆಂಪಾಗಿತ್ತು. "ನೀವು ಬಿಲ್ ಕೊಡೋಕೆ ಎದ್ದಾಗ ಇನ್ನೊಂದು ತರಿಸ್ಕೊಂಡೆ."

ಯಾರೋ ಕಿಸಕ್ಕೆಂದರು. ಅವನು ಎರಡು ಎಂಬುದನ್ನು ಹೊಡೆದು ಹಾಕಿ ಮೂರು ಎಂದು ತಿದ್ದಿ, ಪಕ್ಕದಲ್ಲಿ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದ.

"ಆ ಪೆನ್ನು ಈ ಕಡೆ ಕೊಡಪ್ಪ," ಎಂದು ಮೇಜಿನ ಆ ತುದಿಯಿಂದ ಒಂದು ಹೆಣ್ಣುದನಿ ಕೇಳಿತು.

ಪೆನ್ನು ಕೈಯಿಂದ ಕೈಗೆ ಹೋಯಿತು. ನಿರ್ದೇಶಕರು ತಟ್ಟೆ ಹಿಡಿದು ನಿಂತೇ ಇದ್ದರು, ಅವರಿಗೆ ಯಾರೂ ಸರಿದು ಜಾಗ ಕೊಡಲಿಲ್ಲ. ಸನ್‌ಜಾ ಮೆಲ್ಲಗೆ ಕೂತು, ಆರಿಹೋಗಿದ್ದ ಸಾರಿಗೆ ಅನ್ನ ಸುರಿದುಕೊಂಡು ಚಮಚದಲ್ಲಿ ಕಲೆಸತೊಡಗಿದಳು.